ಕಂತಿನ ಸೋಫಾ, ಕೈಕೊಟ್ಟ ಸೇವೆ: ಪರಿಹಾರ ಕೇಳುವವರಿಗೆ ಮೊದಲ ಪಾಠ

ನೀವು ಸಾಲದ ಮೇಲೆ ಒಂದು ಸೋಫಾ ಕೊಂಡಿದ್ದೀರಿ ಎಂದುಕೊಳ್ಳಿ. ಹೇಳಿದ ದಿನಕ್ಕೆ ಅದು ಬರಲಿಲ್ಲ. ಬಂದಾಗ ಒಂದು ಕಾಲು ಅಲುಗಾಡುತ್ತಿತ್ತು. ರಿಪೇರಿಯವರು ನಾಳೆ ಬರುತ್ತೇವೆ ಎನ್ನುತ್ತಲೇ ಇದ್ದಾರೆ. ತಿಂಗಳ ಐದನೇ ತಾರೀಕು ಬಂತೆಂದರೆ ಕಂತಿನ ಹಣ ಮಾತ್ರ ನಿಮ್ಮ ಖಾತೆಯಿಂದ ತಪ್ಪದೆ ಕಡಿತವಾಗುತ್ತಿದೆ.

ಇಂಥ ಹೊತ್ತಿನಲ್ಲಿ ಬಹುತೇಕ ಎಲ್ಲರ ಮನಸ್ಸಿನಲ್ಲೂ ಎರಡು ಪ್ರಶ್ನೆಗಳು ಏಳುತ್ತವೆ. ಪೂರ್ತಿ ಹಣ ಕಟ್ಟಿ ಮುಗಿಸದ ನನಗೆ ಕೇಳುವ ಹಕ್ಕು ಇದೆಯೇ? ಕಂತು ಕಟ್ಟುವುದನ್ನೇ ನಿಲ್ಲಿಸಿಬಿಟ್ಟರೆ ಅಂಗಡಿಯವರು ದಾರಿಗೆ ಬರುವುದಿಲ್ಲವೇ? ಮೊದಲನೆಯದಕ್ಕೆ ಉತ್ತರ: ಇದೆ, ಪೂರ್ತಿಯಾಗಿ ಇದೆ. ಎರಡನೆಯದಕ್ಕೆ ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈ ಎರಡು ಉತ್ತರಗಳ ಹಿಂದಿರುವ ಕಾರಣ ಅರ್ಥವಾದರೆ ಈ ವಿಷಯದ ಮುಕ್ಕಾಲು ಪಾಲು ನಿಮ್ಮ ಕೈಗೆ ಬಂದಂತೆ.

ಗ್ರಾಹಕ ಕಾನೂನನ್ನು ಕಲಿಸುವ ನನಗೆ ಇದು ಬಹಳ ಪ್ರೀತಿಯ ಪಾಠ. ವಕೀಲರ ನೆರವಿಲ್ಲದೆ, ದೊಡ್ಡ ಖರ್ಚಿಲ್ಲದೆ, ಸಾಮಾನ್ಯ ಓದುಬರಹ ಬಲ್ಲವರು ತಾವೇ ನಡೆದು ಹೋಗಬಹುದಾದ ದಾರಿ ಇದು. ನಿಮಗೆ ಕಾನೂನಿನ ಪರಿಚಯ ಸ್ವಲ್ಪವೂ ಇಲ್ಲದಿದ್ದರೂ ಅಡ್ಡಿಯಿಲ್ಲ. ಒಂದೊಂದೇ ಹೆಜ್ಜೆಯಾಗಿ ಹೋಗೋಣ.

ಕಂತಿನಲ್ಲಿ ಕೊಂಡವರೂ ಗ್ರಾಹಕರೇ

ನಮ್ಮ ದೇಶದಲ್ಲಿ ಈಗ ಜಾರಿಯಲ್ಲಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದು 2020ರ ಜುಲೈನಿಂದ ಜಾರಿಗೆ ಬಂತು. ಗ್ರಾಹಕ ಎಂದರೆ ಯಾರು ಎಂಬುದನ್ನು ಈ ಕಾಯ್ದೆ ಬಹಳ ವಿಶಾಲವಾಗಿ ಹೇಳುತ್ತದೆ. ಬೆಲೆಯನ್ನು ಪೂರ್ತಿ ಕೊಟ್ಟವರು ಗ್ರಾಹಕರು. ಕೊಡುವುದಾಗಿ ಒಪ್ಪಿಕೊಂಡವರೂ ಗ್ರಾಹಕರು. ಒಂದಿಷ್ಟು ಕೊಟ್ಟು ಉಳಿದದ್ದಕ್ಕೆ ಮಾತು ಕೊಟ್ಟವರೂ ಗ್ರಾಹಕರು. ಪಾವತಿಯನ್ನು ಮುಂದಕ್ಕೆ ಹಾಕುವ ಯಾವುದೇ ಏರ್ಪಾಡಿನಲ್ಲಿ ಕೊಂಡವರೂ ಗ್ರಾಹಕರೇ. ಅಂದರೆ ಮೊದಲ ಕಂತು ಕಟ್ಟುವುದಕ್ಕೂ ಮುಂಚೆಯೇ, ಖರೀದಿ ಮಾಡಿದ ದಿನವೇ ನಿಮ್ಮ ಹಕ್ಕು ಹುಟ್ಟುತ್ತದೆ. "ಇನ್ನೂ ಲೋನ್ ಮುಗಿದಿಲ್ಲವಲ್ಲ, ಮುಗಿದ ಮೇಲೆ ನೋಡೋಣ" ಎಂದು ಯಾರಾದರೂ ಹೇಳಿದರೆ ಅದಕ್ಕೆ ಕಾನೂನಿನ ಆಧಾರವಿಲ್ಲ.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಮಗಳು ಕೊಡಿಸಿದ ಮಂಚದ ಬಗ್ಗೆ ಅದರಲ್ಲಿ ಮಲಗುವ ತಂದೆ ದೂರು ಕೊಡಬಹುದು. ಎರಡು, ಮರುಮಾರಾಟಕ್ಕೆ ಅಥವಾ ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ಈ ವಿನಾಯಿತಿ ಅಡ್ಡ ಬರುವುದಿಲ್ಲ. ತಾನೇ ಕೂತು ಬಟ್ಟೆ ಹೊಲಿಯುವ ದರ್ಜಿ ಕೊಂಡ ಮೇಜು ಇದಕ್ಕೆ ಉದಾಹರಣೆ.

ಒಂದು ಸೋಫಾ, ಎರಡು ಒಪ್ಪಂದ

ಈಗ ಈ ಪಾಠದ ಬುನಾದಿಗೆ ಬಂದೆವು. ಅಂಗಡಿಯಲ್ಲಿ ಕೂತು ಒಂದೇ ಸಲ ಹತ್ತಾರು ಕಡೆ ಸಹಿ ಹಾಕುವಾಗ ನಮಗೆ ಅದೆಲ್ಲ ಒಂದೇ ವ್ಯವಹಾರದಂತೆ ಕಾಣುತ್ತದೆ. ನಿಜವಾಗಿ ಅಲ್ಲಿ ನಡೆಯುವುದು ಎರಡು ವ್ಯವಹಾರ. ಮೊದಲನೆಯದು ನಿಮ್ಮ ಮತ್ತು ಅಂಗಡಿಯ ನಡುವಿನ ಮಾರಾಟದ ಒಪ್ಪಂದ. ಇಂಥ ಸಾಮಾನು, ಇಂಥ ಬೆಲೆ, ಇಂಥ ದಿನ ಡೆಲಿವರಿ, ಇಷ್ಟು ವರ್ಷ ವಾರಂಟಿ ಎಂಬುದೆಲ್ಲ ಇದಕ್ಕೆ ಸೇರಿದ್ದು. ಎರಡನೆಯದು ನಿಮ್ಮ ಮತ್ತು ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ನಡುವಿನ ಸಾಲದ ಒಪ್ಪಂದ. ಅವರು ನಿಮ್ಮ ಪರವಾಗಿ ಅಂಗಡಿಗೆ ಹಣ ಕೊಟ್ಟಿದ್ದಾರೆ. ನೀವು ಅದನ್ನು ಕಂತಿನಲ್ಲಿ ತೀರಿಸುತ್ತೀರಿ. ಸೋಫಾದ ಕಾಲು ಮುರಿದರೆ ಮುರಿಯುವುದು ಮೊದಲ ಒಪ್ಪಂದದ ಮಾತು, ಎರಡನೆಯದರದ್ದಲ್ಲ.

ಕೆಲವು ದೇಶಗಳ ಕಾನೂನು ಈ ಎರಡನ್ನೂ ಗಂಟು ಹಾಕಿದೆ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನ ಪ್ರಕಾರ, 100 ಪೌಂಡಿಗಿಂತ ಹೆಚ್ಚಿನ ಮತ್ತು 30,000 ಪೌಂಡು ಮೀರದ ಬೆಲೆಯ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಅಥವಾ ಅಂಗಡಿಯೇ ಗೊತ್ತುಮಾಡಿಕೊಟ್ಟ ಸಾಲದಲ್ಲಿ ಕೊಂಡರೆ, ಮಾರಿದವರ ತಪ್ಪಿಗೆ ಸಾಲ ಕೊಟ್ಟವರೂ ಸಮಾನ ಹೊಣೆ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ನೆಲೆಸಿರುವ ನಿಮ್ಮ ಬಂಧುಗಳು ಅಂಗಡಿ ಮುಚ್ಚಿಹೋದರೂ ನೇರವಾಗಿ ಬ್ಯಾಂಕನ್ನೇ ಕೇಳಬಹುದು. ಭಾರತದಲ್ಲಿ ಅಂಥ ನೇರವಾದ ಕಲಮು ಇಲ್ಲ. ಆದ್ದರಿಂದ ಇಲ್ಲಿ ನಾವು ಕಲಿಯಬೇಕಾದ ಶಿಸ್ತು ಇದು: ಸಾಮಾನಿನ ತಪ್ಪನ್ನು ಅಂಗಡಿಯಲ್ಲಿ ಕೇಳಿ, ಸಾಲದ ತಪ್ಪನ್ನು ಸಾಲದಾತರಲ್ಲಿ ಕೇಳಿ, ಕೊನೆಯಲ್ಲಿ ಲೆಕ್ಕ ಹಾಕುವಾಗ ಎರಡನ್ನೂ ಒಟ್ಟಿಗೆ ತನ್ನಿ.

ಕಂತು ನಿಲ್ಲಿಸಬೇಡಿ ಎನ್ನುವುದು ಏಕೆ

ಕಂತು ನಿಂತರೆ ಅಂಗಡಿಯವರಿಗೆ ನಷ್ಟವಿಲ್ಲ. ಅವರಿಗೆ ಬರಬೇಕಾದ ಹಣ ಸಾಲದಾತರಿಂದ ಆಗಲೇ ಬಂದಿದೆ. ಪೆಟ್ಟು ಬೀಳುವುದು ನಿಮಗೆ. ಮೊದಲು ಬೌನ್ಸ್ ಶುಲ್ಕ ಮತ್ತು ದಂಡ. ನಂತರ ಸಿಬಿಲ್‌ನಂಥ ಸಂಸ್ಥೆಗಳು ಇಟ್ಟಿರುವ ನಿಮ್ಮ ಸಾಲದ ಚರಿತ್ರೆಯಲ್ಲಿ ಕಪ್ಪು ಗುರುತು, ಅದರಿಂದ ನಾಳೆ ಮನೆ ಸಾಲಕ್ಕೆ ತೊಂದರೆ. ಇನ್ನೂ ಒಂದು ಮಾತು ಬಹಳ ಜನರಿಗೆ ತಿಳಿದಿಲ್ಲ. ಖಾತೆಯಿಂದ ತಾನೇ ಕಡಿತವಾಗಲು ನೀವು ಕೊಟ್ಟ ಅನುಮತಿ, ಖಾತೆಯಲ್ಲಿ ಹಣವಿಲ್ಲದೆ ವಿಫಲವಾದರೆ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಚೆಕ್ ಬೌನ್ಸಿನ ಹಾಗೆಯೇ ಮೊಕದ್ದಮೆಗೆ ದಾರಿಯಾಗಬಹುದು. ನ್ಯಾಯ ಕೇಳಲು ಹೊರಟವರು ತಾವೇ ಆರೋಪಿಯ ಜಾಗದಲ್ಲಿ ನಿಲ್ಲುವುದು ಬೇಡ.

ಹಾಗಾದರೆ ಕಂತಿನ ಭಾರ ಇಳಿಸಿಕೊಳ್ಳಲು ದಾರಿಯೇ ಇಲ್ಲವೇ? ಮೂರು ದಾರಿಗಳಿವೆ.

ಮೊದಲನೆಯದು, ಮೊಬೈಲ್ ಆ್ಯಪ್ ಮುಂತಾದ ಡಿಜಿಟಲ್ ದಾರಿಯಲ್ಲಿ ಪಡೆದ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಮರುಚಿಂತನೆಯ ಅವಧಿ ಇರುತ್ತದೆ. ಆ ಕೆಲವು ದಿನಗಳೊಳಗೆ ಅಸಲು ಮತ್ತು ಅಷ್ಟು ದಿನದ ವೆಚ್ಚ ಕೊಟ್ಟು, ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಅವಧಿ ಎಷ್ಟು ಎಂಬುದು ನಿಮ್ಮ ಸಾಲದ ಕಾಗದದಲ್ಲಿ ಇರುತ್ತದೆ. ಅದು ಬಹಳ ಚಿಕ್ಕ ಅವಧಿ, ಬೇಗ ನೋಡಿ.

ಎರಡನೆಯದು, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ ಚಾರ್ಜ್‌ಬ್ಯಾಕ್ ಕೇಳಬಹುದು. ನಿಮ್ಮ ಬ್ಯಾಂಕು ವ್ಯಾಪಾರಿಯ ಬ್ಯಾಂಕಿನಿಂದ ಹಣವನ್ನು ಹಿಂದಕ್ಕೆ ಕೇಳುವ ವ್ಯವಸ್ಥೆಗೆ ಈ ಹೆಸರು. ಸಾಮಾನು ಬರಲೇ ಇಲ್ಲ, ಅಥವಾ ಬಂದದ್ದು ಹೇಳಿದ್ದಕ್ಕಿಂತ ಬೇರೆ ಎಂಬಂಥ ಸಂದರ್ಭಗಳಿಗೆ ಇದು ಸರಿಹೊಂದುತ್ತದೆ. ಇದು ಕಾರ್ಡ್ ಜಾಲಗಳ ನಿಯಮದ ಮೇಲೆ ನಡೆಯುವುದರಿಂದ ಕಾಲಮಿತಿ ಕಟ್ಟುನಿಟ್ಟು. ತಕ್ಷಣ ಬ್ಯಾಂಕಿಗೆ ಬರೆಯಿರಿ.

ಮೂರನೆಯದು, ಗ್ರಾಹಕ ಆಯೋಗದಲ್ಲಿ ದೂರು ಹಾಕಿದ ಮೇಲೆ ಮಧ್ಯಂತರ ಆದೇಶ ಕೇಳಬಹುದು. ಕೊನೆಯ ತೀರ್ಪು ಬರುವವರೆಗೆ ಅನ್ವಯವಾಗುವ ತಾತ್ಕಾಲಿಕ ಆದೇಶವೇ ಮಧ್ಯಂತರ ಆದೇಶ. ತೀರ್ಪು ಬರುವವರೆಗೆ ಕಂತು ವಸೂಲಿ ತಡೆಯಿರಿ, ಅಥವಾ ಕಂತನ್ನು ಅಂಗಡಿಯವರೇ ಭರಿಸಲಿ ಎಂದು ನೀವು ಪ್ರಾರ್ಥಿಸಬಹುದು. ಕೊಡುವುದು ಬಿಡುವುದು ಆಯೋಗದ ವಿವೇಚನೆ. ಅಂಥ ಆದೇಶ ಕೈಗೆ ಬಂದ ಮೇಲೆ ಕಂತು ನಿಲ್ಲುವುದಕ್ಕೂ ನಾವೇ ಕೋಪದಲ್ಲಿ ನಿಲ್ಲಿಸುವುದಕ್ಕೂ ಇರುವ ಅಂತರವನ್ನು ಮನಸ್ಸಿನಲ್ಲಿಡಿ.

ತಪ್ಪಿಗೆ ಸರಿಯಾದ ಹೆಸರು ಇಡುವುದು

ಬೇಸರದಲ್ಲಿ ನಾವು "ಮೋಸ ಮಾಡಿದರು" ಎಂದುಬಿಡುತ್ತೇವೆ. ಆಯೋಗಕ್ಕೆ ಅಷ್ಟು ಸಾಲದು. ಕಾಯ್ದೆ ತಪ್ಪುಗಳನ್ನು ವಿಂಗಡಿಸಿದೆ. ಅವುಗಳಲ್ಲಿ ಮೂರು ನಮಗೆ ಮುಖ್ಯ.

ಒಂದು, ದೋಷ. ಇದು ವಸ್ತುವಿನೊಳಗಿನ ಕೊರತೆ. ತೇಗದ ಮರ ಎಂದು ಹೇಳಿ ಪಾರ್ಟಿಕಲ್ ಬೋರ್ಡಿನ ಮೇಲೆ ತೆಳು ಹಾಳೆ ಅಂಟಿಸಿ ಕೊಡುವುದು, ಮಂಚದ ಪಟ್ಟಿ ಸೀಳುವುದು, ಸೋಫಾದ ಫೋಮು ಕೆಲವೇ ವಾರಗಳಲ್ಲಿ ಕುಸಿಯುವುದು, ಕಪಾಟಿನ ಬಾಗಿಲು ಸೊಟ್ಟಗಾಗುವುದು, ಇವೆಲ್ಲ ದೋಷಗಳು. 1930ರ ಸರಕು ಮಾರಾಟ ಕಾಯ್ದೆ ಇಲ್ಲಿ ನಮಗೆ ಬೆಂಬಲವಾಗುತ್ತದೆ. ವರ್ಣಿಸಿ ಮಾರಿದ ಸರಕು ವರ್ಣನೆಗೆ ಹೊಂದಬೇಕು, ಮಾದರಿಯ ಪ್ರಕಾರ ಮಾರಿದ ಸರಕು ಮಾದರಿಯಂತಿರಬೇಕು ಎಂದು ಅದು ಹೇಳುತ್ತದೆ. ಷೋರೂಮಿನಲ್ಲಿ ಒಂದನ್ನು ತೋರಿಸಿ ಗೋದಾಮಿನಿಂದ ಇನ್ನೊಂದನ್ನು ಕಳಿಸುವ ಈ ವ್ಯಾಪಾರದಲ್ಲಿ ಇದು ಬಹಳ ಉಪಯೋಗಕ್ಕೆ ಬರುವ ನಿಯಮ.

ಎರಡು, ಸೇವಾ ನ್ಯೂನತೆ. ಕೊಡಬೇಕಾದ ಸೇವೆಯಲ್ಲಿ ಆದ ಕೊರತೆಗೆ ಈ ಹೆಸರು. ಒಪ್ಪಿದ ದಿನಕ್ಕಿಂತ ವಾರಗಟ್ಟಲೆ ತಡವಾಗಿ ತರುವುದು, ಮೆಟ್ಟಿಲಲ್ಲಿ ಹೊರುವಾಗ ಗೀಚುವುದು, ಜೋಡಿಸುವವರು ಅರ್ಧಕ್ಕೆ ಬಿಟ್ಟು ಹೋಗುವುದು, ವಾರಂಟಿ ಇದ್ದೂ ರಿಪೇರಿಗೆ ಬಾರದಿರುವುದು, ದೂರಿಗೆ ಉತ್ತರ ಕೊಡದಿರುವುದು ಈ ಗುಂಪಿಗೆ ಸೇರುತ್ತವೆ. ನಿರ್ಲಕ್ಷ್ಯದಿಂದ ಆದ ನಷ್ಟವೂ, ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ನ್ಯೂನತೆಯೇ ಎಂದು ಕಾಯ್ದೆ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸೋಫಾ ಎಷ್ಟೇ ಚೆನ್ನಾಗಿದ್ದರೂ ಸೇವೆ ಕೆಟ್ಟದ್ದಾಗಿದ್ದರೆ ಅದಕ್ಕೇ ಪ್ರತ್ಯೇಕವಾಗಿ ಪರಿಹಾರ ಕೇಳಬಹುದು. ವಸ್ತುವನ್ನು ಹಿಂದಿರುಗಿಸಲೇಬೇಕು ಎಂದೇನಿಲ್ಲ.

ಮೂರು, ಅನುಚಿತ ವ್ಯಾಪಾರ ಪದ್ಧತಿ. ಸುಳ್ಳು ವರ್ಣನೆ ಕೊಟ್ಟು ಮಾರುವುದು, ಬಿಲ್ಲು ಕೊಡದಿರುವುದು ಇದರ ಉದಾಹರಣೆಗಳು. ಮಾರಿದ ಮಾಲು ವಾಪಸ್ ಇಲ್ಲ ಎಂಬ ಮುದ್ರಿತ ಸಾಲನ್ನು ನೀವು ಬಿಲ್ಲಿನಲ್ಲಿ ನೋಡಿರುತ್ತೀರಿ. ಅದನ್ನು ನೋಡಿ ಕೈಚೆಲ್ಲಬೇಡಿ. ದೋಷಪೂರ್ಣ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ವಾಪಸ್ ಪಡೆಯಲು ನಿರಾಕರಿಸುವುದನ್ನೇ ಕಾಯ್ದೆ ಅನುಚಿತ ಪದ್ಧತಿ ಎಂದು ಕರೆದಿದೆ.

ಕಾಗದಗಳೇ ನಿಮ್ಮ ಸಾಕ್ಷಿ

ಗ್ರಾಹಕ ಆಯೋಗದ ವಿಚಾರಣೆ ಬಹುಮಟ್ಟಿಗೆ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ ನಡೆಯುತ್ತದೆ. ಪ್ರಮಾಣಪತ್ರ ಎಂದರೆ ನಾನು ಹೇಳುತ್ತಿರುವುದು ನಿಜ ಎಂದು ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ. ಹಾಗಾಗಿ ಚೆನ್ನಾಗಿ ಮಾತನಾಡುವವರಿಗಿಂತ ಚೆನ್ನಾಗಿ ಜೋಡಿಸಿಟ್ಟವರಿಗೆ ಇಲ್ಲಿ ಹೆಚ್ಚು ಬಲ.

ಮಾರಾಟದ ಕಡೆಯಿಂದ ಇಟ್ಟುಕೊಳ್ಳಬೇಕಾದವು: ಆರ್ಡರ್ ಚೀಟಿ, ಜಿಎಸ್‌ಟಿ ಬಿಲ್ಲು, ವಾರಂಟಿ ಕಾರ್ಡು, ಡೆಲಿವರಿ ಚಲನ್, ಜಾಹೀರಾತಿನ ಪ್ರತಿ, ಜಾಲತಾಣದಲ್ಲಿದ್ದ ವರ್ಣನೆಯ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಸಂದೇಶಗಳು, ದೂರು ಸಂಖ್ಯೆಗಳು, ದೋಷದ ಫೋಟೋ ಮತ್ತು ವಿಡಿಯೋ. ಸಾಲದ ಕಡೆಯಿಂದ: ಸಾಲದ ಒಪ್ಪಂದ, ಮುಖ್ಯಾಂಶ ಪತ್ರ, ಕಂತುಗಳ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟು. ಮುಖ್ಯಾಂಶ ಪತ್ರ ಎಂದರೆ ಬಡ್ಡಿ, ಶುಲ್ಕ, ಒಟ್ಟು ವಾರ್ಷಿಕ ವೆಚ್ಚ, ದೂರು ಸ್ವೀಕರಿಸುವ ಅಧಿಕಾರಿ ಇವೆಲ್ಲ ಇರುವ ಪತ್ರ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಇದನ್ನು ಕೊಡುವುದು ಕಡ್ಡಾಯ. ಶೂನ್ಯ ಬಡ್ಡಿ ಎಂಬ ಮಾತಿಗೆ ಮರುಳಾಗದೆ ಇದನ್ನು ಓದಿ. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ, ವೆಚ್ಚ ಬೇರೆ ಹೆಸರಿನಲ್ಲಿ ಸೇರಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು.

ಡೆಲಿವರಿಯ ಹೊತ್ತಿನಲ್ಲಿ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ಚಲನ್ ಮೇಲೆ ಸುಮ್ಮನೆ ಸಹಿ ಹಾಕಬೇಡಿ. ಕಟ್ಟು ಬಿಚ್ಚಿ ನೋಡಲು ಬಿಡದಿದ್ದರೆ "ಕಟ್ಟು ಬಿಚ್ಚಿಲ್ಲ, ಪರಿಶೀಲಿಸಿಲ್ಲ" ಎಂದು ಬರೆದು ಸಹಿ ಹಾಕಿ. ಗೀರು ಕಂಡರೆ "ಎಡಗೈ ಪಕ್ಕ ಗೀರು ಇದೆ" ಎಂದು ಅಲ್ಲೇ ಬರೆಯಿರಿ. ಬಿಚ್ಚುವಾಗ ವಿಡಿಯೋ ಮಾಡಿ. ಮರ ಯಾವುದು, ಬೋರ್ಡ್ ಯಾವುದು ಎಂಬ ತಕರಾರಿದ್ದರೆ ನಂಬಿಕೆಯ ಬಡಗಿಯಿಂದ ನೋಡಿಸಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಪರೀಕ್ಷೆ ಮಾಡಿದರಷ್ಟೇ ದೋಷ ತಿಳಿಯುವಂತಿದ್ದರೆ ಆಯೋಗವೇ ವಸ್ತುವಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು.

ಮೊದಲ ಪತ್ರ

ಫೋನಿನಲ್ಲಿ ನೂರು ಸಲ ಹೇಳಿದ್ದಕ್ಕಿಂತ ಒಂದು ಪತ್ರ ಮೇಲು. ಇಮೇಲ್ ಮಾಡಿ, ಜೊತೆಗೆ ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಪತ್ರದಲ್ಲಿ ನಾಲ್ಕೇ ಸಂಗತಿ ಇರಲಿ: ಏನು ಕೊಂಡಿರಿ, ಏನು ತಪ್ಪಾಯಿತು, ಏನು ಬೇಕು, ಎಷ್ಟು ದಿನದೊಳಗೆ ಬೇಕು. ಹೀಗೆ ಬರೆಯಬಹುದು:

"ಮಾನ್ಯರೇ, ಇಂಥ ದಿನಾಂಕದ ಇಂಥ ಸಂಖ್ಯೆಯ ಬಿಲ್ಲಿನಂತೆ ನಿಮ್ಮಲ್ಲಿ ಮೂರು ಆಸನದ ಸೋಫಾ ಕೊಂಡಿದ್ದೇನೆ. ಒಪ್ಪಿದ ದಿನಕ್ಕಿಂತ ಐದು ವಾರ ತಡವಾಗಿ ತಂದಿರಿ. ಎಡಗಡೆಯ ಹಿಂಗಾಲು ಸಡಿಲವಾಗಿದೆ. ಮೂರು ಬಾರಿ ದೂರು ದಾಖಲಿಸಿದ್ದೇನೆ, ಸಂಖ್ಯೆಗಳು ಕೆಳಗಿವೆ. ಎರಡು ಬಾರಿ ನೀವು ಹೇಳಿದ ದಿನ ರಜೆ ಹಾಕಿ ಕಾದರೂ ಯಾರೂ ಬರಲಿಲ್ಲ. ಈ ಪತ್ರ ತಲುಪಿದ 15 ದಿನಗಳಲ್ಲಿ ಸೋಫಾ ಬದಲಿಸಿಕೊಡಿ, ಆಗದಿದ್ದರೆ ವಾಪಸ್ ಪಡೆದು ಸಾಲವನ್ನು ನೀವೇ ಮುಕ್ತಾಯಗೊಳಿಸಿ ನಾನು ಕಟ್ಟಿದ ಹಣ ಹಿಂದಿರುಗಿಸಿ. ತಪ್ಪಿದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ."

ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯೂ ಇಲ್ಲ. ಮುಂದೆ ಆಯೋಗ ಇದನ್ನು ಓದುವಾಗ ನೀವು ತಾಳ್ಮೆಯಿಂದ ಅವಕಾಶ ಕೊಟ್ಟಿರಿ ಎಂಬುದು ತಾನಾಗಿ ಕಾಣುತ್ತದೆ. ಪತ್ರದ ಪ್ರತಿಯನ್ನು ಸಾಲದಾತರ ದೂರು ಅಧಿಕಾರಿಗೂ ಕಳಿಸಿ. ಅವರು ಏನೂ ಮಾಡದಿದ್ದರೂ, ವಿವಾದ ಇದೆ ಎಂಬುದು ಅವರಿಗೆ ಗೊತ್ತಿತ್ತು ಎಂಬುದಕ್ಕೆ ದಾಖಲೆಯಾಗುತ್ತದೆ. ಆನ್‌ಲೈನ್ ಮಳಿಗೆಯಲ್ಲಿ ಕೊಂಡಿದ್ದರೆ ನಿಮಗೆ ಇನ್ನೊಂದು ಹಿಡಿತವಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂಥ ಮಳಿಗೆಯ ದೂರು ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಪತ್ರಕ್ಕೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಅವರು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಇದು ನ್ಯಾಯಾಲಯವಲ್ಲ, ಪರಿಹಾರ ಕೊಡಿ ಎಂದು ಆದೇಶಿಸುವ ಅಧಿಕಾರ ಅವರಿಗಿಲ್ಲ. ಆದರೂ ಎಷ್ಟೋ ವಿವಾದಗಳು ಈ ಹಂತದಲ್ಲೇ ಮುಗಿಯುತ್ತವೆ.

ಜಿಲ್ಲಾ ಆಯೋಗದ ಬಾಗಿಲು

ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಇಲ್ಲಿಗೇ. ಹೊಸಬರು ತಿಳಿಯಬೇಕಾದ ಐದು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಸ್ಥಳ. ಅಂಗಡಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ರಾಯಚೂರಿನವರು ರಾಯಚೂರಿನಲ್ಲೇ ಹಾಕಬಹುದು. 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇದು.

ಎರಡನೆಯದು ಶುಲ್ಕ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ಮನೆಯ ಪೀಠೋಪಕರಣಗಳೆಲ್ಲ ಹೆಚ್ಚುಕಡಿಮೆ ಈ ಮಿತಿಯೊಳಗೇ ಬರುತ್ತವೆ.

ಮೂರನೆಯದು ಕಾಲಮಿತಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಬರಬೇಕು. ನಂತರ ಬಂದರೆ ತಡವಾದದ್ದಕ್ಕೆ ಒಪ್ಪುವಂಥ ಕಾರಣ ತೋರಿಸಬೇಕು. ಪತ್ರ ಬರೆಯುತ್ತಾ ಹೋದ ಮಾತ್ರಕ್ಕೆ ಈ ಅವಧಿ ಬೆಳೆಯುವುದಿಲ್ಲ.

ನಾಲ್ಕನೆಯದು ವಿಧಾನ. ನೀವೇ ವಾದಿಸಬಹುದು, ವಕೀಲರು ಕಡ್ಡಾಯವಲ್ಲ. ಕಚೇರಿಗೆ ಹೋಗಿ ಕೊಡಬಹುದು, ಅಥವಾ 2025ರ ಆರಂಭದಲ್ಲಿ ಶುರುವಾದ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆ ಕೇಳಲೂ ಕಾಯ್ದೆಯಲ್ಲಿ ಅವಕಾಶವಿದೆ.

ಐದನೆಯದು ಎದುರುದಾರರು. ನೀವು ಯಾರ ಮೇಲೆ ದೂರು ಕೊಡುತ್ತೀರೋ ಅವರಿಗೆ ಈ ಹೆಸರು. ಅಂಗಡಿಯನ್ನು ಒಂದನೇ ಎದುರುದಾರರಾಗಿ, ತಯಾರಕರು ಬೇರೆಯಾಗಿದ್ದರೆ ಅವರನ್ನು ಎರಡನೆಯವರಾಗಿ, ಸಾಲದಾತರನ್ನು ಮೂರನೆಯವರಾಗಿ ಸೇರಿಸಿ. ಸಾಲದಾತರ ತಪ್ಪಿಲ್ಲದಿದ್ದರೂ ಅವರು ಪ್ರಕರಣದಲ್ಲಿ ಇರುವುದು ಒಳ್ಳೆಯದು. ಸಾಲ ಮುಚ್ಚುವ, ದಾಖಲೆ ತಿದ್ದುವ ಆದೇಶ ಆಗ ಅವರಿಗೂ ಅನ್ವಯವಾಗುತ್ತದೆ. ಸಾಲದ ಒಪ್ಪಂದದಲ್ಲಿ ಎಲ್ಲ ವಿವಾದವೂ ಮಧ್ಯಸ್ಥಿಕೆದಾರರ ಮುಂದೆ ಎಂಬ ಷರತ್ತು ಇರಬಹುದು. ಅದು ಗ್ರಾಹಕ ಆಯೋಗದ ಬಾಗಿಲನ್ನು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ.

ದೂರು ದಾಖಲಾದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ನೋಟಿಸು ತಲುಪಿದ ಮೇಲೆ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಿದ್ದರೆ 5 ತಿಂಗಳಲ್ಲಿ, ತೀರ್ಮಾನಿಸಲು ಪ್ರಯತ್ನಿಸಬೇಕು ಎಂಬುದು ಕಾಯ್ದೆಯ ಆಶಯ. ನಡೆಯುವಾಗ ಹೆಚ್ಚು ಕಾಲ ಹಿಡಿಯುವುದುಂಟು, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ನಡುವೆ ರಾಜಿಯ ಸಾಧ್ಯತೆ ಕಂಡರೆ, ಇಬ್ಬರೂ ಒಪ್ಪಿದರೆ, ಆಯೋಗ ಪ್ರಕರಣವನ್ನು ಸಂಧಾನಕ್ಕೆ ಕಳಿಸುತ್ತದೆ. ನ್ಯಾಯವಾದ ಮೊತ್ತ ಬಂದರೆ ಒಪ್ಪಿಕೊಳ್ಳುವುದು ಸೋಲಲ್ಲ.

ಎಷ್ಟು ಕೇಳಬೇಕು

ವಿದ್ಯಾರ್ಥಿಗಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಬಾಯಿಗೆ ಬಂದ ಮೊತ್ತ ಬರೆಯಬೇಡಿ. ಬಾಬತ್ತುಗಳಾಗಿ ಒಡೆದು ಬರೆಯಿರಿ. ಕಲಿಕೆಗಾಗಿ ಒಂದು ಲೆಕ್ಕ ಕಟ್ಟೋಣ.

ಸೋಫಾದ ಬೆಲೆ 60,000 ರೂಪಾಯಿ ಎಂದುಕೊಳ್ಳಿ. ಡೌನ್ ಪೇಮೆಂಟ್ 12,000. ಉಳಿದ 48,000 ಸಾಲ, ತಿಂಗಳಿಗೆ 4,000ದಂತೆ 12 ಕಂತು. ಪ್ರೊಸೆಸಿಂಗ್ ಶುಲ್ಕ 900. ದೂರು ಕೊಡುವ ಹೊತ್ತಿಗೆ 5 ಕಂತು ಕಟ್ಟಿದ್ದೀರಿ, ಅಂದರೆ 20,000. ನಿಮ್ಮ ಜೇಬಿನಿಂದ ಹೋದದ್ದು 12,000, 20,000 ಮತ್ತು 900, ಒಟ್ಟು 32,900 ರೂಪಾಯಿ. ಸಾಲದಲ್ಲಿ ಬಾಕಿ 28,000.

ಸೋಫಾ ಹಿಂದಿರುಗಿಸಿ ಹಣ ಕೇಳುವುದಾದರೆ ಇಲ್ಲಿ ಒಂದು ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಜನ ಬರಿಯ 32,900 ಕೇಳುತ್ತಾರೆ. ಆಗ ಸೋಫಾ ಹೋಗುತ್ತದೆ, ಸಾಲದ ಬಾಕಿ ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಆದ್ದರಿಂದ ಎರಡನ್ನೂ ಕೇಳಿ: ನನಗೆ 32,900 ರೂಪಾಯಿ ಬಡ್ಡಿಸಮೇತ ಹಿಂದಿರುಗಿಸಿ, ಸಾಲದಾತರಿಗೆ ಬಾಕಿ 28,000 ಕೊಟ್ಟು ಖಾತೆ ಮುಚ್ಚಿಸಿ. ಜೊತೆಗೆ ಸಾಲದಾತರು ಬಾಕಿಯಿಲ್ಲವೆಂಬ ಪತ್ರ ಕೊಡಲಿ, ಸಾಲದ ಚರಿತ್ರೆಯಲ್ಲಿ ಅದು ಸರಿಯಾಗಿ ನಮೂದಾಗಲಿ ಎಂದೂ ಸೇರಿಸಿ. ದೂರು ನಡೆಯುವಾಗ ಕಟ್ಟುವ ಮುಂದಿನ ಕಂತುಗಳೂ ಈ ಲೆಕ್ಕಕ್ಕೆ ಬರಲಿ ಎಂದು ಒಂದು ಸಾಲು ಬರೆಯಿರಿ. ನಿಮ್ಮ ಸಾಲಕ್ಕೆ ಬಡ್ಡಿ ಇದ್ದರೆ ಸಾಲದಾತರ ಸ್ಟೇಟ್‌ಮೆಂಟಿನಲ್ಲಿರುವ ಅಂಕಿಯನ್ನೇ ಹಿಡಿಯಿರಿ.

ಸೋಫಾ ಇಟ್ಟುಕೊಂಡು ಸೇವೆಯ ಕೊರತೆಗೆ ಮಾತ್ರ ಕೇಳುವುದಾದರೆ ಬಾಬತ್ತುಗಳು ಬೇರೆ: ಹೊರಗಿನ ಬಡಗಿಗೆ ಕೊಟ್ಟ ರಿಪೇರಿ ಹಣ, ರಜೆ ಹಾಕಿ ಕಾದ ದಿನಗಳ ಸಂಬಳ, ಡೆಲಿವರಿ ತಡವಾದಾಗ ಬಾಡಿಗೆಗೆ ತಂದ ಕುರ್ಚಿಗಳ ಖರ್ಚು, ಗೀರು ಬಿದ್ದು ಕುಂದಿದ ಬೆಲೆ. ಪ್ರತಿಯೊಂದಕ್ಕೂ ರಸೀದಿಯೋ ಪತ್ರವೋ ಇರಲಿ.

ಇವುಗಳ ಮೇಲೆ ಮಾನಸಿಕ ಯಾತನೆಗೆ ಪರಿಹಾರ ಮತ್ತು ದೂರಿನ ವೆಚ್ಚ ಕೇಳಬಹುದು. ಪರಿಹಾರ ಎಂಬುದು ವಿಶಾಲ ಅರ್ಥದ ಮಾತು, ಕಿರುಕುಳ ಮತ್ತು ಮನಸ್ಸಿಗಾದ ನೋವೂ ಅದರಲ್ಲಿ ಸೇರುತ್ತದೆ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ಗಟ್ಟಿಗೊಳಿಸಿತು. 2004ರ ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು. ಎಲ್ಲರಿಗೂ ಒಂದೇ ಅಳತೆಯಲ್ಲ, ಆದ ನಷ್ಟ ಮತ್ತು ಸಂಗತಿಗಳಿಗೆ ತಕ್ಕಂತೆ ಪರಿಹಾರ ನಿಗದಿಯಾಗಬೇಕು ಎಂಬುದು ಅದರ ಸಾರ. ಈ ಎರಡೂ ತೀರ್ಪುಗಳನ್ನು ಒಟ್ಟಿಗೆ ನೆನಪಿಡಿ. ಮನೆಯಲ್ಲಿ ಬೆನ್ನುನೋವಿನ ಹಿರಿಯರಿದ್ದು ತಿಂಗಳುಗಟ್ಟಲೆ ನೆಲದಲ್ಲಿ ಕೂರಬೇಕಾಯಿತು ಎಂಬಂಥ ನಿಜವಾದ ಸಂಗತಿ ಇದ್ದರೆ ಬರೆಯಿರಿ. 60,000ದ ಸೋಫಾಕ್ಕೆ 10 ಲಕ್ಷದ ಯಾತನೆ ಎಂದರೆ ನಿಮ್ಮ ಉಳಿದ ನಿಜವೂ ಹಗುರವಾಗುತ್ತದೆ.

ಸಾಲದಾತರೇ ತಪ್ಪು ಮಾಡಿದರೆ

ಆರ್ಡರ್ ರದ್ದಾಗಿ ಅಂಗಡಿಯವರು ಹಣ ಮರಳಿಸಿದ ಮೇಲೂ ಕಂತು ಕಡಿತವಾಗುತ್ತಿದೆ, ಹೇಳದ ಶುಲ್ಕ ಹಾಕಿದ್ದಾರೆ, ಸಾಲ ತೀರಿದ್ದರೂ ಬಾಕಿ ಎಂದು ವರದಿ ಮಾಡಿದ್ದಾರೆ. ಇವು ಸಾಲದ ಒಪ್ಪಂದದ ತಪ್ಪುಗಳು. ಇವಕ್ಕೆ ಬೇರೆ ದಾರಿ. ಮೊದಲು ಸಾಲದಾತರ ದೂರು ಅಧಿಕಾರಿಗೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ಮೇಲಿನ ದೂರುಗಳನ್ನು ಶುಲ್ಕವಿಲ್ಲದೆ ಪರಿಹರಿಸಲು ರಿಸರ್ವ್ ಬ್ಯಾಂಕು ನೇಮಿಸಿದ ಅಧಿಕಾರಿ ಇವರು. ಸೋಫಾದ ಮರದ ಬಗ್ಗೆ ಇವರನ್ನು ಕೇಳಬೇಡಿ, ಸಾಲದ ಲೆಕ್ಕದ ಬಗ್ಗೆ ಮಾತ್ರ ಕೇಳಿ. ಸಾಲದ ಚರಿತ್ರೆಯಲ್ಲಿ ತಪ್ಪಿದ್ದರೆ ತಿದ್ದಲು ಕೋರಿ ಅರ್ಜಿ ಕೊಡಿ. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ನಿಯಮ ಮಾಡಿದೆ.

ಆದೇಶ ಬಂದ ಮೇಲೆ

ಆಯೋಗ ದೋಷ ಸರಿಪಡಿಸಲು, ವಸ್ತು ಬದಲಿಸಲು, ಬೆಲೆ ಹಿಂದಿರುಗಿಸಲು, ಪರಿಹಾರ ಕೊಡಲು ಆದೇಶಿಸಬಹುದು. ಒಪ್ಪದವರು 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಆದರೆ ಹಣ ಕೊಡಬೇಕೆಂದು ಆದೇಶವಾದ ಎದುರುದಾರರು ಅದರ ಅರ್ಧ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಆದೇಶವನ್ನು ಪಾಲಿಸದಿದ್ದರೆ ಸುಮ್ಮನೆ ಕೂರಬೇಡಿ, ಅದೇ ಆಯೋಗಕ್ಕೆ ಜಾರಿ ಅರ್ಜಿ ಕೊಡಿ. ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಒಂದು ಅಲುಗಾಡುವ ಸೋಫಾಕ್ಕೆ ಇಷ್ಟೆಲ್ಲ ಬೇಕೇ ಎಂದು ನಿಮಗೆ ಅನ್ನಿಸಬಹುದು. ಬೇಕು ಎಂದೇ ನಾನು ಹೇಳುತ್ತೇನೆ. ಕಂತಿನಲ್ಲಿ ಕೊಳ್ಳುವವರು ಮುಂದಿನ ಒಂದು ವರ್ಷದ ಸಂಬಳದ ಒಂದು ಪಾಲನ್ನು ಇಂದೇ ಬರೆದುಕೊಟ್ಟವರು. ಆ ದುಡಿಮೆಗೆ ಬೆಲೆ ಇದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಬೇಡ, ವಕೀಲರು ಬೇಡ, ಊರು ಬಿಟ್ಟು ಹೋಗುವುದು ಬೇಡ ಎಂದು ಕಾನೂನು ಹೇಳಿರುವುದು ಇಂಥ ಸಣ್ಣ ಮೊತ್ತದವರು ಬರಲಿ ಎಂದೇ. ನಿಮ್ಮ ಮನೆಯಲ್ಲಿ ಈಗ ಅಂಥ ತಕರಾರು ಇದ್ದರೆ ಇಂದು ಸಂಜೆ ಎರಡು ಕಡತ ಮಾಡಿ, ಒಂದರ ಮೇಲೆ ಸಾಮಾನು ಎಂದೂ ಇನ್ನೊಂದರ ಮೇಲೆ ಸಾಲ ಎಂದೂ ಬರೆದು, ಇರುವ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ನಂತರ ಆ ನಾಲ್ಕು ಸಂಗತಿಗಳ ಪತ್ರ ಬರೆಯಿರಿ. ಮುಂದಿನ ಹೆಜ್ಜೆಗಳಿಗೆಲ್ಲ ಬೇಕಾದದ್ದು ಅಷ್ಟರಲ್ಲೇ ಸಿದ್ಧವಾಗಿರುತ್ತದೆ.